ಒಂದು ಕಪಾಟು, ನಾಲ್ಕು ಗರಗಸ: ಮನೆಯಲ್ಲೇ ಪ್ಲೈವುಡ್ ಕೊಯ್ದ ಒಂದು ಪ್ರಕರಣ

ಕೆಲಸ ಸರಳವಾಗಿತ್ತು. ಗೋಡೆಗೆ ಒರಗಿ ನಿಲ್ಲುವ ಒಂದು ಪುಸ್ತಕದ ಕಪಾಟು ಬೇಕಿತ್ತು. ಎತ್ತರ 1800 ಮಿ.ಮೀ., ಅಗಲ 800, ಆಳ 305. ಎರಡು ಪಕ್ಕದ ಹಲಗೆ, ಮೇಲೊಂದು, ಕೆಳಗೊಂದು, ನಡುವೆ ನಾಲ್ಕು ಅಡ್ಡ ಹಲಗೆ. ಸಾಮಾನು ಅಂತ ಇದ್ದದ್ದು 18 ಮಿ.ಮೀ. ದಪ್ಪದ ಒಂದೇ ಪ್ಲೈವುಡ್ ಶೀಟ್. ಎಂಟಡಿಗೆ ನಾಲ್ಕಡಿ, ಅಂದರೆ 2440ಕ್ಕೆ 1220 ಮಿ.ಮೀ. ಅಳತೆ ಹಾಕಿದ್ದು ನನ್ನ ಅಕ್ಕ. ಕೊಯ್ಯಲು ನಿಂತಿದ್ದು ಭಾವ. ಇಬ್ಬರಿಗೂ ಕೈಕೆಲಸ ಅಂದರೆ ಇಷ್ಟ. ಆದರೆ ಇಷ್ಟು ದೊಡ್ಡ ಶೀಟ್ ಕೊಯ್ಯುತ್ತಿದ್ದುದು ಅದೇ ಮೊದಲು.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಪ್ರಯತ್ನ ಮುಗಿದಿದ್ದವು. ಒಂದು ಅಪಾಯದಲ್ಲಿ ನಿಂತಿತ್ತು, ಇನ್ನೊಂದು ಬೇಸರದಲ್ಲಿ. ಯಾರಿಗೂ ಗಾಯ ಆಗಿರಲಿಲ್ಲ. ಗಾಯ ಆಗಿದ್ದು ಶೀಟ್‌ಗೆ. ಏನಾಯಿತು, ಯಾಕಾಯಿತು, ಆಮೇಲೆ ಹೇಗೆ ಸರಿಹೋಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇಂಥ ಕೆಲಸ ಕೆಟ್ಟಾಗ ಹೆಚ್ಚಿನವರು ಮೆಷಿನ್ನನ್ನೇ ದೂರುತ್ತಾರೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಹಲಗೆ ಹೇಗೆ ಕೂತಿದೆ? ಬ್ಲೇಡಿನ ಹಲ್ಲು ಎಂಥದ್ದು? ಮೆಷಿನ್ ಯಾವುದು ಅನ್ನುವ ಮಾತು ಅದಾದ ಮೇಲೆ.

ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್

ಭಾವನ ಹತ್ತಿರ ನಾಲ್ಕು ಇಂಚಿನ ಗ್ರೈಂಡರ್ ಇತ್ತು. ಕಬ್ಬಿಣ ಕತ್ತರಿಸಲು, ವೆಲ್ಡಿಂಗ್ ಗಂಟು ಉಜ್ಜಲು ತಂದದ್ದು. ಅದಕ್ಕೇ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಸಿಕ್ಕಿತು. ಒಂದೇ ಮೆಷಿನ್‌ನಲ್ಲಿ ಎಲ್ಲ ಕೆಲಸ ಆಗುತ್ತದಲ್ಲ ಅಂತ ಹಾಕಿದರು. ಹಾಕುವಾಗಲೇ ತೊಡಕು ಶುರುವಾಯಿತು. ಬ್ಲೇಡ್ 110 ಮಿ.ಮೀ., ಗ್ರೈಂಡರ್ 100 ಮಿ.ಮೀ. ಡಿಸ್ಕ್‌ಗೆ ಮಾಡಿದ್ದು. ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಅಡ್ಡ ಬಂತು, ಬಿಚ್ಚಿ ಪಕ್ಕಕ್ಕಿಟ್ಟರು. ಬ್ಲೇಡಿನ ನಡುವಿನ ತೂತು 20 ಮಿ.ಮೀ., ಗ್ರೈಂಡರ್‌ಗೆ ಬೇಕಾದದ್ದು 16. ನಡುವೆ ಒಂದು ರಿಂಗ್ ಸೇರಿಸಿ ಬಿಗಿದರು.

ಶೀಟನ್ನು ಎರಡು ಉದ್ದನೆಯ ಬೆಂಚ್‌ಗಳ ಮೇಲೆ ಮಲಗಿಸಿದ್ದರು. ಉದ್ದದ ಎರಡು ಅಂಚುಗಳಿಗೆ ಮಾತ್ರ ಆಸರೆ, ನಡುವೆ ಪೂರ್ತಿ ಖಾಲಿ. ಅಂಚಿನಿಂದ 305 ಮಿ.ಮೀ. ಒಳಗೆ ಗೀಟು ಎಳೆದು ಕೊಯ್ಯಲು ಶುರು ಮಾಡಿದರು. ಕೊಯ್ತ ಒಂದು ಗೇಣು ಹೋಗಿತ್ತೋ ಇಲ್ಲವೋ, ಗ್ರೈಂಡರ್ ಕೈಯಿಂದ ಹಿಂದಕ್ಕೆ ಜಿಗಿಯಿತು. ಕಿರಿದಾದ ಪಟ್ಟಿಯ ಕಡೆಗೆ ಓರೆಯಾಗಿ ಒಂದು ಆಳದ ಗೀರು ಬಿತ್ತು. ಭಾವ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು, ಮೈ ಬ್ಲೇಡಿನ ನೇರಕ್ಕೆ ಇರಲಿಲ್ಲ. ಅಷ್ಟಕ್ಕೆ ಉಳಿಯಿತು.

ಯಾಕೆ ಜಿಗಿಯಿತು ಅಂತ ನೋಡೋಣ. ಎರಡೂ ಅಂಚಿಗೆ ಆಸರೆ ಇದ್ದು ನಡುವೆ ಏನೂ ಇಲ್ಲದಿದ್ದರೆ ಹಲಗೆ ತನ್ನ ಭಾರಕ್ಕೇ ಒಳಕ್ಕೆ ಜಗ್ಗುತ್ತದೆ. ಕೊಯ್ದಷ್ಟೂ ಅಲ್ಲಿ ಬಲ ಕಡಿಮೆಯಾಗುತ್ತದೆ, ಇನ್ನಷ್ಟು ಜಗ್ಗುತ್ತದೆ. ಆಗ ಕೊಯ್ತದ ಸಂದು ಮೇಲ್ಗಡೆ ಮುಚ್ಚಿಕೊಳ್ಳುತ್ತದೆ. ತಿರುಗುತ್ತಿರುವ ಬ್ಲೇಡನ್ನು ಹಲಗೆಯೇ ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ. ಹಿಡಿದುಕೊಂಡ ಬ್ಲೇಡ್ ನಿಲ್ಲುವುದಿಲ್ಲ, ಮೆಷಿನ್ನನ್ನೇ ಹೊತ್ತುಕೊಂಡು ಹಿಂದಕ್ಕೆ ಒದೆಯುತ್ತದೆ. ಇದು ಸರ್ಕ್ಯುಲರ್ ಸಾದಲ್ಲೂ, ಅಂದರೆ ಮರ ಕೊಯ್ಯಲೆಂದೇ ಮಾಡಿದ ದುಂಡು ಬ್ಲೇಡಿನ ಕೈಮೆಷಿನ್‌ನಲ್ಲೂ ಆಗಬಹುದು. ಗ್ರೈಂಡರ್‌ನಲ್ಲಿ ಅದನ್ನು ತಡೆಯಲು ಏನೂ ಇಲ್ಲ, ವ್ಯತ್ಯಾಸ ಅಷ್ಟೇ.

ಇಲ್ಲಿ ಹಲವರು ವೇಗವೇ ಕಾರಣ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿ.ಮೀ. ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ನಿಮಿಷಕ್ಕೆ 5,000 ಸುತ್ತಿನ 185 ಮಿ.ಮೀ. ಸರ್ಕ್ಯುಲರ್ ಸಾ ಬ್ಲೇಡಿನ ಅಂಚು ಸುಮಾರು 48 ಮೀಟರ್. ಅಂಥ ದೊಡ್ಡ ಅಂತರ ಏನಲ್ಲ. ಆದರೆ ಸರ್ಕ್ಯುಲರ್ ಸಾಕ್ಕೆ ಅಗಲವಾದ ಬೇಸ್ ಪ್ಲೇಟ್ ಇದೆ. ಅದು ಹಲಗೆಯ ಮೇಲೆ ಕೂತು ಬ್ಲೇಡ್ ವಾಲದಂತೆ ನೋಡಿಕೊಳ್ಳುತ್ತದೆ. ಎಷ್ಟು ಆಳ ಇಳಿಯಬೇಕು ಅಂತ ಮೊದಲೇ ಬಿಗಿಯಬಹುದು. ಕೆಳಗಿನ ಗಾರ್ಡ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಟನ್ ಬಿಟ್ಟರೆ ಕರೆಂಟ್ ನಿಲ್ಲುತ್ತದೆ. ಗ್ರೈಂಡರ್‌ಗೆ ಬೇಸ್ ಇಲ್ಲ. ಆಳದ ಲೆಕ್ಕ, ಕೋನದ ಲೆಕ್ಕ ಎರಡೂ ಕೈಯ ಅಂದಾಜು. ಎಷ್ಟೋ ಗ್ರೈಂಡರ್‌ಗಳ ಸ್ವಿಚ್ ಮುಂದಕ್ಕೆ ತಳ್ಳಿದರೆ ಅಲ್ಲೇ ಕೂರುತ್ತದೆ. ಕೈ ಜಾರಿದರೂ ಮೆಷಿನ್ ಓಡುತ್ತಲೇ ಇರುತ್ತದೆ. ಸಾಣೆಕಲ್ಲಿನಂಥ ಡಿಸ್ಕ್ ಲೋಹವನ್ನು ಉಜ್ಜಿ ಸವೆಸುತ್ತದೆ. ಹಲ್ಲಿನ ಬ್ಲೇಡ್ ಮರವನ್ನು ಕಚ್ಚುತ್ತದೆ. ಕಚ್ಚುವ ಬ್ಲೇಡ್, ಅದನ್ನು ಹಿಡಿದಿಡುವ ಬೇಸ್ ಇಲ್ಲದ ಮೆಷಿನ್, ಅದರ ಮೇಲೆ ಗಾರ್ಡ್ ಬೇರೆ ಇಲ್ಲ. ಇದು ಎಷ್ಟೇ ಪಳಗಿದ ಕೈಗೂ ಬೇಡದ ಸಾಹಸ.

ನಾನು ಹೇಳಿದೆ, "ಭಾವ, ಇದಕ್ಕೆ ಹಲ್ಲಿನ ಬ್ಲೇಡ್ ಮಾತ್ರ ಹಾಕಬೇಡಿ."

"ಹಾಗಾದ್ರೆ ಯಾಕಪ್ಪಾ ಮಾರ್ತಾರೆ?" ಅಂದರು.

ನ್ಯಾಯವಾದ ಪ್ರಶ್ನೆ. ಸಿಗುತ್ತದೆ ಅಂದ ಮಾತ್ರಕ್ಕೆ ಕೂಡುತ್ತದೆ ಅಂತ ಅಲ್ಲ ಅಲ್ವಾ. ಬ್ಲೇಡಿನ ಮೇಲೆ ನಿಮಿಷಕ್ಕೆ ಗರಿಷ್ಠ ಎಷ್ಟು ಸುತ್ತು ಅಂತ ಬರೆದಿರುತ್ತಾರೆ. ಅದು ಮೆಷಿನ್ನಿನ ಸುತ್ತಿಗಿಂತ ಜಾಸ್ತಿ ಇರಲೇಬೇಕು. ಗಾರ್ಡ್ ಬಿಚ್ಚಿದರೆ ಮಾತ್ರ ಕೂರುವ ಬ್ಲೇಡ್, ರಿಂಗ್ ಸೇರಿಸಿದರೆ ಮಾತ್ರ ಹಿಡಿಯುವ ಬ್ಲೇಡ್, ಎರಡೂ ಆ ಮೆಷಿನ್ನಿಗೆ ಮಾಡಿದ್ದಲ್ಲ. ಅಲ್ಲಿಗೇ ನಿಲ್ಲಿಸಬೇಕು.

ಆಮೇಲೆ ಜಿಗ್ ಸಾ

ಗ್ರೈಂಡರ್ ಪಕ್ಕಕ್ಕಿಟ್ಟು ಜಿಗ್ ಸಾ ಹಿಡಿದರು. ಇದು ಶಾಂತ ಸ್ವಭಾವದ ಮೆಷಿನ್. ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ, ಒದೆಯುವ ಭಯ ಕಡಿಮೆ. ಹೊಸಬರಿಗೆ ಇದರಿಂದ ಶುರು ಮಾಡಿ ಅಂತ ನಾನೂ ಹೇಳುತ್ತೇನೆ. ಆದರೆ ಎಂಟಡಿ ಉದ್ದದ ನೇರ ಕೊಯ್ತ ಇದರ ಕೆಲಸ ಅಲ್ಲ.

ಅದಕ್ಕೆ ಕಾರಣ ಮೆಷಿನ್ನಿನ ಹುಟ್ಟಿನಲ್ಲೇ ಇದೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯಲ್ಲಿದ್ದ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದ ಸೂಜಿ ತೆಗೆದು ಆ ಜಾಗಕ್ಕೆ ಗರಗಸದ ಬ್ಲೇಡ್ ಹಾಕಿದರು. ಇವತ್ತಿನ ಜಿಗ್ ಸಾ ಬಂದದ್ದು ಅಲ್ಲಿಂದ. ಸೂಜಿಯ ಹಾಗೇ ಬ್ಲೇಡಿಗೆ ಹಿಡಿತ ಇರುವುದು ಮೇಲಿನ ತುದಿಯಲ್ಲಿ ಮಾತ್ರ. ಕೆಳಗಿನ ತುದಿ ಗಾಳಿಯಲ್ಲಿ. ಬಟ್ಟೆಯಲ್ಲಿ ಅದು ತೊಂದರೆ ಅಲ್ಲ. 18 ಮಿ.ಮೀ. ಪ್ಲೈವುಡ್‌ನಲ್ಲಿ ಸ್ವಲ್ಪ ತಳ್ಳಿದರೂ ಕೆಳತುದಿ ಪಕ್ಕಕ್ಕೆ ಬಾಗುತ್ತದೆ. ಮೇಲಿಂದ ನೋಡಿದರೆ ಗೀಟಿನ ಮೇಲೇ ಹೋಗುತ್ತಿದ್ದೀರಿ ಅನ್ನಿಸುತ್ತದೆ. ಕೆಳಗೆ ಬೇರೆ ದಾರಿ ಹಿಡಿದಿರುತ್ತದೆ.

ಇಲ್ಲಿ ಆದದ್ದೂ ಅದೇ. ಮೊದಲ ಪಟ್ಟಿ ಬೇರ್ಪಟ್ಟಿತು. ಆದರೆ ಅಂಚು ಅಲೆಅಲೆಯಾಗಿತ್ತು. ನೇರ ಪಟ್ಟಿ ಇಟ್ಟು ನೋಡಿದಾಗ ಕೆಲವು ಕಡೆ 8 ಮಿ.ಮೀ. ತನಕ ಓಡಾಡಿತ್ತು. ಮೂಲೆಮಟ್ಟ ಇಟ್ಟರೆ ಅಂಚು ನೆಟ್ಟಗೆ ನಿಲ್ಲದೆ ಓರೆಯಾಗಿತ್ತು. ಮೇಲ್ಮೈಯಲ್ಲಿ ಉದ್ದಕ್ಕೂ ಸಿಬಿರು ಎದ್ದಿತ್ತು. ಅದೂ ಒಳ್ಳೆಯ ಮುಖದಲ್ಲಿ.

ಇದಕ್ಕೆ ಒಂದಲ್ಲ, ನಾಲ್ಕು ಕಾರಣ ಇದ್ದವು. ಮೆಷಿನ್ ಜೊತೆ ಬಂದಿದ್ದ ದೊಡ್ಡ ಹಲ್ಲಿನ ಬ್ಲೇಡನ್ನೇ ಹಾಕಿದ್ದರು. ಬ್ಲೇಡನ್ನು ಮುಂದಕ್ಕೆ ತೂಗಿಸಿ ಬೇಗ ಕೊಯ್ಯಿಸುವ ಪೆಂಡುಲಂ ಸ್ವಿಚ್ ಗರಿಷ್ಠದಲ್ಲಿತ್ತು. ಮೆತ್ತನೆ ಮರಕ್ಕೆ, ಅಂಚು ಹೇಗಿದ್ದರೂ ನಡೆಯುವ ಕೆಲಸಕ್ಕೆ ಅದು ಸರಿ. ಪ್ಲೈವುಡ್‌ಗೆ ಸೊನ್ನೆಯಲ್ಲೇ ಇಡಬೇಕು. ಮೂರನೆಯದಾಗಿ, ಸಾಮಾನ್ಯ ಜಿಗ್ ಸಾ ಬ್ಲೇಡಿನ ಹಲ್ಲು ಮೇಲ್ಮುಖ. ಮೇಲೆ ಬರುವಾಗ ಕೊಯ್ಯುತ್ತದೆ, ಹಾಗಾಗಿ ಮೇಲಿನ ಪದರವನ್ನು ಎಬ್ಬಿಸಿ ಹರಿಯುತ್ತದೆ. ಒಳ್ಳೆಯ ಮುಖ ಕೆಳಗೆ ಮಾಡಿ ಕೊಯ್ಯಬೇಕಿತ್ತು, ಇಲ್ಲವೇ ಕೆಳಮುಖ ಹಲ್ಲಿನ ಬ್ಲೇಡ್ ಹಾಕಬೇಕಿತ್ತು.

ನಾಲ್ಕನೆಯದು ಅದೇ ಬೆಂಚ್‌ಗಳು. ಮೆಷಿನ್ ಬದಲಾಗಿತ್ತು, ಹಲಗೆ ಕೂತ ರೀತಿ ಬದಲಾಗಿರಲಿಲ್ಲ. ಬ್ಲೇಡಿನ ಪ್ರತಿ ಏಟಿಗೂ ನಡುವಿನ ಭಾಗ ಕುಣಿಯುತ್ತಿತ್ತು. ಕುಣಿಯುವ ಹಲಗೆಯಲ್ಲಿ ಯಾವ ಗರಗಸವೂ ನೀಟಾಗಿ ಕೊಯ್ಯುವುದಿಲ್ಲ. ನಾನು ಒಳಗೆ ಬಂದ ಕೂಡಲೇ ಕಣ್ಣಿಗೆ ಬಿದ್ದದ್ದು ಅದೇ.

ಗರಗಸ ತಿನ್ನುವ ಮರದ ಲೆಕ್ಕ

ಮುಂದೆ ಹೋಗುವ ಮೊದಲು ಅಕ್ಕನ ಅಳತೆ ಚೀಟಿ ನೋಡಿದೆ. 1220ನ್ನು ನಾಲ್ಕರಿಂದ ಭಾಗಿಸಿದರೆ 305. ನಾಲ್ಕು ಪಟ್ಟಿ, ಏನೂ ದಂಡವಿಲ್ಲ. ಕಾಗದದ ಮೇಲೆ ಚೆಂದ. ಆದರೆ ಗರಗಸ ಹೋದ ದಾರಿಯಲ್ಲಿ ಮರ ಪುಡಿಯಾಗಿ ಹೋಗುತ್ತದೆ. ಸರ್ಕ್ಯುಲರ್ ಸಾ ಬ್ಲೇಡ್ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ತಿನ್ನುತ್ತದೆ. ಎರಡೂವರೆ ಅಂತಿಟ್ಟರೆ ಮೂರು ಕೊಯ್ತಕ್ಕೆ ಏಳೂವರೆ ಮಿ.ಮೀ. ಹೋಯಿತು. ಕೊನೆಯ ಪಟ್ಟಿ 297.5 ಆಗುತ್ತಿತ್ತು. ಎಲ್ಲ ಜೋಡಿಸುವಾಗ ಒಂದು ಪಕ್ಕದ ಹಲಗೆ ಮಾತ್ರ ಕಿರಿದು! ಆಗ ಯಾರ ತಪ್ಪು ಅಂತಲೂ ಗೊತ್ತಾಗುವುದಿಲ್ಲ.

ಇನ್ನೊಂದು ಅಳತೆಯೂ ತಪ್ಪಿತ್ತು. 18 ಮಿ.ಮೀ. ಅಂತ ಮಾರುವ ಪ್ಲೈವುಡ್ ಪೂರ್ತಿ 18 ಇರಲೇಬೇಕು ಅಂತೇನಿಲ್ಲ. ಅಳೆದರೆ ಇದು 17.5 ಬಂತು. ಅಡ್ಡ ಹಲಗೆಯ ಉದ್ದ 800ರಿಂದ ಎರಡು ಪಕ್ಕದ ದಪ್ಪ ಕಳೆದು ಬರಬೇಕು. ಚೀಟಿಯಲ್ಲಿ 764 ಇತ್ತು, ಸರಿಯಾದದ್ದು 765. ಒಂದು ಮಿ.ಮೀ. ತಾನೇ ಅನ್ನಿಸಬಹುದು. ಜೋಡಣೆಯಲ್ಲಿ ಅದು ಸಂದಾಗಿ ಕಾಣುತ್ತದೆ.

ಹೊಸ ಶೀಟ್ ತರಬೇಕಾ ಅಂತ ಅಕ್ಕ ಕೇಳಿದಳು. ಬೇಕಾಗಿರಲಿಲ್ಲ. ಆಳವನ್ನು 305ರಿಂದ 280ಕ್ಕೆ ಇಳಿಸಿದೆವು. ಎ4 ಕಾಗದದ ಅಗಲ 210 ಮಿ.ಮೀ., ಆದ್ದರಿಂದ ಆ ಅಳತೆಯ ಪುಸ್ತಕ ಆರಾಮಾಗಿ ಕೂರುತ್ತದೆ. ಹಾಳಾದ ಪಟ್ಟಿಯ ಅಲೆಯಂಚನ್ನು 25 ಮಿ.ಮೀ. ಒಳಗೆ ತೆಗೆದರೆ ಗ್ರೈಂಡರಿನ ಗೀರೂ ಅದರಲ್ಲೇ ಹೋಗುತ್ತದೆ. ಉಳಿದ ದೊಡ್ಡ ತುಂಡಿನ ಅಂಚು ಸರಿಮಾಡಿದ ಮೇಲೂ ಸುಮಾರು 900 ಮಿ.ಮೀ. ಇತ್ತು. ಮೂರು ಪಟ್ಟಿಗೆ 840, ಮೂರು ಕೊಯ್ತಕ್ಕೆ ಏಳೂವರೆ. ಒಂದು 50 ಮಿ.ಮೀ. ಅಗಲದ ಪಟ್ಟಿ ಹೆಚ್ಚಿಗೆ ಉಳಿಯಿತು. ಎರಡು ಪಟ್ಟಿಯಲ್ಲಿ ಪಕ್ಕದ ಹಲಗೆಗಳು, ಇನ್ನೆರಡರಲ್ಲಿ ತಲಾ ಮೂರು ಅಡ್ಡ ಹಲಗೆ.

ನೆಲದ ಮೇಲೆ, ಥರ್ಮಾಕೋಲ್ ಮೇಲೆ

ಒಂದೇ ಕಪಾಟು ಮಾಡುವವರಿಗೆ ನನ್ನ ಮೊದಲ ಸಲಹೆ, ಉದ್ದದ ಕೊಯ್ತಗಳನ್ನು ಪ್ಯಾನಲ್ ಸಾ, ಅಂದರೆ ಇಡೀ ಶೀಟ್ ಕೊಯ್ಯುವ ಮೇಜಿನ ಮೆಷಿನ್ ಇರುವ ಕಡೆ ಮಾಡಿಸಿ ತನ್ನಿ ಅಂತಲೇ. ಆ ಮೆಷಿನ್‌ನಲ್ಲಿ ದೊಡ್ಡ ಬ್ಲೇಡಿಗೆ ಮುಂದೆ ಒಂದು ಪುಟ್ಟ ಬ್ಲೇಡ್ ಉಲ್ಟಾ ತಿರುಗುತ್ತದೆ. ಅದು ಹಲಗೆಯ ಕೆಳಮುಖದ ಪದರವನ್ನು ಮೊದಲೇ ಗೀರಿಬಿಡುತ್ತದೆ, ಸಿಬಿರು ಏಳುವುದಿಲ್ಲ. ಕೈಯಲ್ಲಿ ಹಿಡಿಯುವ ಮೆಷಿನ್ನಿಗೆ ಆ ಮಟ್ಟ ಸುಲಭಕ್ಕೆ ಬರುವುದಿಲ್ಲ. ಆದರೆ ಅಕ್ಕನಿಗೆ ತಾವೇ ಕೊಯ್ಯಬೇಕು ಅಂತಿತ್ತು. ಅದೂ ಒಪ್ಪುವ ಮಾತೇ. ಕಲಿಯುವುದು ಹೀಗೇ.

ಹಾಗಾಗಿ 185 ಮಿ.ಮೀ. ಸರ್ಕ್ಯುಲರ್ ಸಾ ಒಂದನ್ನು ಕೇಳಿ ತಂದೆವು. ಅದರಲ್ಲಿ 24 ಹಲ್ಲಿನ ಬ್ಲೇಡ್ ಇತ್ತು. ಅದನ್ನು ತೆಗೆದು 60 ಹಲ್ಲಿನದು ಹಾಕಿದೆವು. ಹಲ್ಲಿನ ಸಂಖ್ಯೆ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ನಿಮಿಷಕ್ಕೆ 5,000 ಸುತ್ತು, 24 ಹಲ್ಲು ಅಂದರೆ ನಿಮಿಷಕ್ಕೆ 1,20,000 ಕಚ್ಚು. ನಿಮಿಷಕ್ಕೆ ಮೂರು ಮೀಟರ್ ವೇಗದಲ್ಲಿ ಮೆಷಿನ್ ತಳ್ಳಿದರೆ ಪ್ರತಿ ಹಲ್ಲು 0.025 ಮಿ.ಮೀ. ಕಚ್ಚುತ್ತದೆ. 60 ಹಲ್ಲಿದ್ದರೆ 0.01. ಕಚ್ಚು ಸಣ್ಣದಾದಷ್ಟೂ ನಾರು ಕಿತ್ತು ಬರುವುದು ಕಡಿಮೆ. ಹಾಗಂತ ಜಾಸ್ತಿ ಹಲ್ಲು ಎಲ್ಲದಕ್ಕೂ ಒಳ್ಳೆಯದು ಅಂತಲ್ಲ. ದಪ್ಪ ಗಟ್ಟಿಮರವನ್ನು ನಾರಿನ ಎಳೆಯ ಉದ್ದಕ್ಕೆ ಕೊಯ್ಯುವಾಗ 60 ಹಲ್ಲಿನ ಬ್ಲೇಡ್ ಬಿಸಿಯಾಗುತ್ತದೆ, ಮರ ಕಂದುತ್ತದೆ. ಹಲ್ಲುಗಳ ನಡುವೆ ಹೊಟ್ಟು ಹೊರಹೋಗಲು ಜಾಗ ಸಾಲುವುದಿಲ್ಲ. ಆ ಕೆಲಸಕ್ಕೆ 24 ಹಲ್ಲಿನದೇ ಸರಿ.

ಬೆಂಚ್‌ಗಳನ್ನು ತೆಗೆಸಿದೆ. ನೆಲದ ಮೇಲೆ 50 ಮಿ.ಮೀ. ದಪ್ಪದ ಥರ್ಮಾಕೋಲ್ ಹಾಸಿ ಅದರ ಮೇಲೆ ಶೀಟ್ ಮಲಗಿಸಿದೆವು, ಒಳ್ಳೆಯ ಮುಖ ಕೆಳಗೆ. ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಸಿಬಿರು ಏಳುವುದು ಮೇಲ್ಗಡೆ. ಥರ್ಮಾಕೋಲಿನ ಲಾಭ ಅಂದರೆ ಹಲಗೆಗೆ ಮೈಪೂರ್ತಿ ಆಸರೆ ಸಿಗುತ್ತದೆ. ಕೊಯ್ತ ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಇರುತ್ತವೆ. ಜಗ್ಗುವುದಿಲ್ಲ, ಸಂದು ಮುಚ್ಚುವುದಿಲ್ಲ, ಕೊನೆಯಲ್ಲಿ ತುಂಡು ಮುರಿದು ಬೀಳುವುದಿಲ್ಲ. ಬ್ಲೇಡ್ ಥರ್ಮಾಕೋಲಿಗೆ ಅರ್ಧ ಸೆಂಟಿಮೀಟರ್ ಇಳಿದರೆ ಏನೂ ಆಗುವುದಿಲ್ಲ. ಮಂಡಿಯೂರಿ ಕೆಲಸ ಮಾಡಬೇಕು, ಅದೊಂದೇ ಕಷ್ಟ. ಮಂಡಿನೋವು ಇರುವವರು ಗಟ್ಟಿ ಮೇಜಿನ ಮೇಲೇ ಇದನ್ನು ಹಾಸಿಕೊಳ್ಳಬಹುದು.

ನೇರಕ್ಕೆ ಹೋಗಲು ಗೈಡ್ ಬೇಕು. ಇದನ್ನು ಅಲ್ಲೇ ಮಾಡಿದೆವು. 6 ಮಿ.ಮೀ. ತೆಳು ಪ್ಲೈ ಪಟ್ಟಿಯೊಂದರ ಮೇಲೆ ನೇರವಾದ ಇನ್ನೊಂದು ಪಟ್ಟಿ ಅಂಟಿಸಿ ಸ್ಕ್ರೂ ಹಾಕಿದೆವು. ಕೆಳಗಿನದನ್ನು ಬೇಕೆಂದೇ ಅಗಲವಾಗಿ ಬಿಟ್ಟಿದ್ದೆವು. ಮೆಷಿನ್ನಿನ ಬೇಸ್ ಪ್ಲೇಟನ್ನು ಮೇಲಿನ ಪಟ್ಟಿಗೆ ಒತ್ತಿ ಒಂದು ಸಲ ಓಡಿಸಿದರೆ ಕೆಳಗಿನ ಪಟ್ಟಿಯ ಹೆಚ್ಚಿನ ಭಾಗ ಕತ್ತರಿಸಿ ಹೋಗುತ್ತದೆ. ಈಗ ಆ ಅಂಚು ಎಲ್ಲಿದೆಯೋ ಬ್ಲೇಡ್ ಅಲ್ಲೇ ಹೋಗುತ್ತದೆ. ಬೇಸ್ ಅಂಚಿನಿಂದ ಬ್ಲೇಡಿಗೆ ಎಷ್ಟು ದೂರ ಅಂತ ಪ್ರತಿ ಸಲ ಕೂಡಿಸಿ ಕಳೆಯುವ ತಲೆನೋವಿಲ್ಲ. ಗೀಟಿನ ಮೇಲೆ ಅಂಚಿಟ್ಟು ಎರಡೂ ತುದಿಗೆ ಕ್ಲಾಂಪ್ ಬಿಗಿದರೆ ಮುಗಿಯಿತು. ಇನ್ನೊಂದು ಲಾಭ, ಗೈಡ್ ಇರುವ ಕಡೆಯ ಮೇಲ್ಪದರವನ್ನು ಅದೇ ಅದುಮಿ ಹಿಡಿಯುತ್ತದೆ. ಆ ಬದಿಯಲ್ಲಿ ಸಿಬಿರು ಬಹಳ ಕಡಿಮೆ. ಹಾಗಾಗಿ ಗೈಡನ್ನು ಯಾವಾಗಲೂ ನಮಗೆ ಬೇಕಾದ ತುಂಡಿನ ಮೇಲೇ ಇಡಬೇಕು, ದಂಡದ ಕಡೆಗಲ್ಲ. ಒಂದೇ ಶ್ರಮಕ್ಕೆ ಎರಡು ಫಲ ಕೊಡುವ ಇಂಥ ಸಾಧನ ಮರಗೆಲಸದಲ್ಲಿ ಬೇರೆ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಆಳ ಎಷ್ಟು ಬಿಗಿಯಬೇಕು? ಹಲಗೆ 17.5, ಗೈಡ್ 6, ಕೆಳಗೆ ಹಲ್ಲಿನಷ್ಟು ಹೊರಗೆ. ಸುಮಾರು 30 ಮಿ.ಮೀ. ಇಟ್ಟೆವು. ಬ್ಲೇಡನ್ನು ಪೂರ್ತಿ ಇಳಿಸಿ ಕೊಯ್ದರೆ ಬೇಗ ಆಗುತ್ತದೆ ಅನ್ನುವ ನಂಬಿಕೆ ಇದೆ. ಅದರಿಂದ ಹಲಗೆಯೊಳಗೆ ಸಿಕ್ಕಿಕೊಳ್ಳುವ ಬ್ಲೇಡಿನ ಭಾಗ ಜಾಸ್ತಿಯಾಗುತ್ತದೆ, ಕೆಳಗೆ ಕಾಣದ ಕಡೆ ಹಲ್ಲು ಸುಮ್ನೆ ತಿರುಗುತ್ತಿರುತ್ತದೆ.

ಭಾವ ಕೈಗವಸು ಹಾಕಿಕೊಂಡು ಬಂದರು. ಬಿಚ್ಚಿಸಿದೆ. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೇಡ. ಬಟ್ಟೆಯ ಒಂದು ತುದಿ ಹಲ್ಲಿಗೆ ಸಿಕ್ಕಿದರೆ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಶೀಟ್ ಎತ್ತುವಾಗ ಹಾಕಲಿ, ಕೊಯ್ಯುವಾಗ ಬೇಡ. ಕಣ್ಣಿಗೆ ಗಾಗಲ್ಸ್, ಕಿವಿಗೆ ಮುಚ್ಚಳ, ಮೂಗಿಗೆ ಎನ್95 ಮಾಸ್ಕ್. ಮಾಸ್ಕ್ ಬಗ್ಗೆ ಹಲವರಿಗೆ ಉದಾಸೀನ. ಮರದ ಪುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ವರ್ಗದಲ್ಲಿ ಸೇರಿಸಿದೆ. ಅದು ವರ್ಷಗಟ್ಟಲೆ ಪುಡಿಯಲ್ಲೇ ಕೆಲಸ ಮಾಡುವವರನ್ನು ನೋಡಿ ಹೇಳಿದ್ದು, ನಿಜ. ಆದರೂ ಮುಚ್ಚಿದ ಕೋಣೆಯಲ್ಲಿ ಮಕ್ಕಳೂ ಉಸಿರಾಡುವ ಗಾಳಿ ಅದು. ಕಿಟಕಿ ಬಾಗಿಲು ತೆರೆಸಿ, ವೈರನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿಸಿ ಶುರು ಮಾಡಿದೆವು.

ಭಾವ ಮೊದಲ ಪಟ್ಟಿ ಕೊಯ್ದರು. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮಾತ್ರ ಮರಕ್ಕೆ ಮುಟ್ಟಿಸುವುದು, ನಡುವೆ ನಿಲ್ಲಿಸಬೇಕಾದರೆ ಹಿಂದಕ್ಕೆ ಎಳೆಯದೆ ಬಟನ್ ಬಿಟ್ಟು ಬ್ಲೇಡ್ ನಿಲ್ಲುವ ತನಕ ಕಾಯುವುದು. ವೇಗಕ್ಕೆ ಕಿವಿಯೇ ಅಳತೆಗೋಲು. ಮೋಟಾರಿನ ಸದ್ದು ಕುಗ್ಗಿದರೆ ಜೋರಾಗಿ ತಳ್ಳುತ್ತಿದ್ದೀರಿ. ಅಂಚು ಕಂದಿ ಸುಟ್ಟ ವಾಸನೆ ಬಂದರೆ ತೀರಾ ನಿಧಾನ, ಇಲ್ಲವೇ ಬ್ಲೇಡ್ ಮೊಂಡು. ಎರಡನೇ ಪಟ್ಟಿಗೆ ಬರುವಷ್ಟರಲ್ಲಿ ಕೈ ಹದಕ್ಕೆ ಬಂದಿತ್ತು. ಅಂಚಿಗೆ ಮೂಲೆಮಟ್ಟ ಇಟ್ಟರೆ ಬೆಳಕು ತೂರಲಿಲ್ಲ.

ಅಡ್ಡ ಕೊಯ್ತ, ಮತ್ತು ಒಂದು ಚಾಕು

ಉದ್ದಕ್ಕೆ ಕೊಯ್ಯುವುದಕ್ಕಿಂತ ಅಡ್ಡಕ್ಕೆ ಕೊಯ್ಯುವುದು ನಾಜೂಕು. ಈ ಶೀಟಿನ ಮೇಲ್ಪದರದ ಎಳೆ ಉದ್ದಕ್ಕೆ ಓಡುತ್ತಿತ್ತು. ಅಡ್ಡ ಕೊಯ್ದರೆ ಪ್ರತಿಯೊಂದು ಎಳೆಯೂ ತುಂಡಾಗಬೇಕು, ಸಿಬಿರು ಏಳುವುದು ಇಲ್ಲೇ. ಇದಕ್ಕೆ ಒಳ್ಳೆಯ ಮದ್ದು ತುದಿ ಮುರಿಯುವ ಚಾಕು. ಈ ಚಾಕು ಬಂದದ್ದು 1956ರಲ್ಲಿ, ಜಪಾನಿನ ಯೋಶಿಯೋ ಒಕಾಡಾ ಅವರಿಂದ. ಮುಂದೆ ಓಲ್ಫಾ ಕಂಪನಿ ಆದದ್ದು ಅವರದೇ ಕೆಲಸದಿಂದ. ಮೊಂಡಾದ ತುದಿಯನ್ನು ಮುರಿದು ಎಸೆದರೆ ಹೊಸ ಹರಿತ ಸಿಗುತ್ತದೆ ಅನ್ನುವ ಸರಳ ಯೋಚನೆ. ಆದರೂ ಮುರಿಯಲು ಮನಸ್ಸಿಲ್ಲದೆ ಮೊಂಡು ತುದಿಯಲ್ಲೇ ಒತ್ತಿ ಒತ್ತಿ ಎಳೆಯುವವರೇ ಜಾಸ್ತಿ. ಕೈ ಕೊಯ್ದುಕೊಳ್ಳುವುದು ಆಗಲೇ. ಹರಿತ ಕಡಿಮೆಯಾದಷ್ಟೂ ಒತ್ತಡ ಜಾಸ್ತಿ ಬೇಕು, ಒತ್ತಡ ಜಾಸ್ತಿಯಾದಷ್ಟೂ ಚಾಕು ಜಾರುತ್ತದೆ.

ಅಕ್ಕ ಹೊಸ ತುದಿ ಮಾಡಿಕೊಂಡು, ಉಕ್ಕಿನ ಸ್ಕೇಲ್ ಇಟ್ಟು, ಗೀಟಿನ ಮೇಲೆ ಹಗುರವಾಗಿ ಎರಡು ಮೂರು ಸಲ ಎಳೆದಳು. ಮೇಲ್ಪದರದ ಎಳೆ ಅಲ್ಲಿಗೇ ತುಂಡಾಗಿರುತ್ತದೆ, ಬ್ಲೇಡ್ ಬಂದಾಗ ಕಿತ್ತು ಬರಲು ಏನೂ ಉಳಿದಿರುವುದಿಲ್ಲ. ಅದರ ಮೇಲೆ ಮಾಸ್ಕಿಂಗ್ ಟೇಪನ್ನೂ ಅಂಟಿಸಿದೆವು. ಟೇಪ್ ಒಂದರಿಂದಲೇ ಸಾಕು ಅನ್ನುವವರಿದ್ದಾರೆ. ನನಗೆ ಚಾಕುವಿನ ಮೇಲೇ ನಂಬಿಕೆ.

ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಒಳ್ಳೆಯ ಮುಖಗಳು ಒಂದಕ್ಕೊಂದು ಎದುರಾಗುವಂತೆ ಕ್ಲಾಂಪ್ ಮಾಡಿದೆವು. ಹೀಗೆ ಮಾಡಿದರೆ ಒಳ್ಳೆಯ ಮುಖಗಳಿಗೆ ಒಂದಕ್ಕೊಂದರ ಆಸರೆ ಸಿಗುತ್ತದೆ, ಎರಡೂ ಒಂದೇ ಉದ್ದಕ್ಕೆ ಬರುತ್ತವೆ. ಕಪಾಟಿನಲ್ಲಿ ಅಡ್ಡ ಹಲಗೆ 765 ಇದೆಯೋ 764.5 ಇದೆಯೋ ಅನ್ನುವುದು ಅಷ್ಟು ದೊಡ್ಡದಲ್ಲ. ಆರೂ ಒಂದೇ ಇರಬೇಕು, ಅದು ದೊಡ್ಡದು. ಪ್ರತಿ ಸಲ ಟೇಪ್ ಹಿಡಿದು ಅಳೆಯುವ ಬದಲು 765ಕ್ಕೆ ಸರಿಯಾಗಿ ಒಂದು ಕಡ್ಡಿ ಕತ್ತರಿಸಿಕೊಂಡು ಅದನ್ನೇ ಅಳತೆಗೆ ಇಟ್ಟುಕೊಂಡೆವು.

ಕೈಗರಗಸದ ಜಾಗ

ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಇತ್ತು, 100 ಮಿ.ಮೀ. ಎತ್ತರ, 12 ಮಿ.ಮೀ. ದಪ್ಪ. ಕಪಾಟು ಗೋಡೆಗೆ ಅಂಟಿ ನಿಲ್ಲಬೇಕಾದರೆ ಎರಡೂ ಪಕ್ಕದ ಹಲಗೆಯ ಹಿಂದಿನ ಮೂಲೆಯಲ್ಲಿ ಅಷ್ಟು ಕಚ್ಚು ತೆಗೆಯಬೇಕು. ಇಲ್ಲಿ ಸರ್ಕ್ಯುಲರ್ ಸಾ ಕೆಲಸಕ್ಕೆ ಬರುವುದಿಲ್ಲ. ಬ್ಲೇಡ್ ದುಂಡಗಿರುವುದರಿಂದ ಮೇಲೆ ಮೂಲೆ ಮುಟ್ಟುವಷ್ಟರಲ್ಲಿ ಕೆಳಗೆ ಇನ್ನೂ ಮರ ಉಳಿದಿರುತ್ತದೆ. ಕೆಳಗೆ ಮುಟ್ಟಿಸಿದರೆ ಮೇಲೆ ಗೀಟು ದಾಟಿರುತ್ತದೆ.

ಒಂದು ಹಲಗೆಯನ್ನು ಭಾವ ಜಿಗ್ ಸಾದಲ್ಲಿ ಮಾಡಿದರು. ಈ ಸಲ ಸಣ್ಣ ಹಲ್ಲಿನ ಬ್ಲೇಡ್, ಪೆಂಡುಲಂ ಸೊನ್ನೆಗೆ, ಹಲಗೆಗೆ ಪೂರ್ತಿ ಆಸರೆ, ತಳ್ಳದೆ ನಿಧಾನವಾಗಿ. ಅದೇ ಮೆಷಿನ್ ಎಷ್ಟು ಚೆನ್ನಾಗಿ ಕೊಯ್ದಿತು ಅಂದರೆ ಭಾವನೇ ಬ್ಲೇಡ್ ಬಿಚ್ಚಿ ತಿರುಗಿಸಿ ನೋಡಿದರು. ಇನ್ನೊಂದನ್ನು ಅಕ್ಕ ಕೈಗರಗಸದಲ್ಲಿ ಮಾಡಿದಳು.

ಕೈಗರಗಸದ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ. ಕರೆಂಟ್ ಬೇಡ, ಕಿವಿ ಗುಂಯ್‌ಗುಡುವುದಿಲ್ಲ, ಪುಡಿ ಗಾಳಿಯಲ್ಲಿ ಹಾರುವುದು ಕಡಿಮೆ. ಗೀಟು ತಪ್ಪಿದರೂ ನಿಧಾನವಾಗಿ ತಪ್ಪುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಪ್ಲೈವುಡ್‌ಗೆ ಇಂಚಿಗೆ 10ರಿಂದ 12 ಹಲ್ಲಿನ ಗರಗಸ ಸಾಕು. ಎಳೆಯ ಉದ್ದಕ್ಕೆ ಕೊಯ್ಯುವ ಗರಗಸದ ಹಲ್ಲು ಸಣ್ಣ ಉಳಿಗಳ ಸಾಲಿನ ಹಾಗಿರುತ್ತದೆ, ಮರವನ್ನು ಕೆತ್ತುತ್ತಾ ಹೋಗುತ್ತದೆ. ಅಡ್ಡ ಕೊಯ್ಯುವುದರ ಹಲ್ಲಿಗೆ ಎರಡೂ ಬದಿ ಚೂಪು, ಅದು ಎಳೆಯನ್ನು ಕತ್ತರಿಸುತ್ತದೆ. ಪ್ಲೈವುಡ್‌ನಲ್ಲಿ ಪದರ ಪದರಕ್ಕೂ ಎಳೆಯ ದಿಕ್ಕು ಬದಲಾಗುವುದರಿಂದ ಅಡ್ಡ ಕೊಯ್ಯುವ ಗರಗಸವನ್ನೇ ಹಿಡಿಯಬೇಕು. ತಳ್ಳುವಾಗ ಕೊಯ್ಯುವ ಗರಗಸದಲ್ಲಿ ಹಲ್ಲು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಆದ್ದರಿಂದ ಒಳ್ಳೆಯ ಮುಖ ಇಲ್ಲಿ ಮೇಲಿರಬೇಕು, ಸರ್ಕ್ಯುಲರ್ ಸಾಕ್ಕೆ ಪೂರ್ತಿ ಉಲ್ಟಾ. ಎಳೆಯುವಾಗ ಕೊಯ್ಯುವ ಜಪಾನೀ ಗರಗಸವೂ ಸಿಗುತ್ತದೆ. ಎಳೆದರೆ ಬ್ಲೇಡ್ ಬಾಗುವುದಿಲ್ಲ, ಆದ್ದರಿಂದ ಅದನ್ನು ಬಹಳ ತೆಳ್ಳಗೆ ಮಾಡುತ್ತಾರೆ.

ಶುರು ಮಾಡುವಾಗ ಎಡಗೈ ಹೆಬ್ಬೆರಳಿನ ಗೆಣ್ಣನ್ನು ಹಲ್ಲಿಗಿಂತ ಮೇಲೆ ಬ್ಲೇಡಿಗೆ ತಾಗಿಸಿ, ಮೊದಲು ಒಂದೆರಡು ಸಲ ಹಿಂದಕ್ಕೆ ಮಾತ್ರ ಎಳೆಯಬೇಕು. ಸಣ್ಣ ಕಾಲುವೆ ಬೀಳುತ್ತದೆ, ಆಮೇಲೆ ಗರಗಸ ಜಿಗಿಯುವುದಿಲ್ಲ. ಅಕ್ಕ ಮೊದಲಿಗೆ ಬಲ ಹಾಕಿ ಒತ್ತುತ್ತಿದ್ದಳು. "ಅಕ್ಕ, ಭಾರ ಗರಗಸದ್ದೇ ಸಾಕು, ನೀನು ಬರೀ ಓಡಿಸು" ಅಂದೆ. ಅವಳ ಮೂಲೆ ಜಿಗ್ ಸಾದ್ದಕ್ಕಿಂತ ಚೂಪಾಗಿ ಬಂತು. ಸಮಯ ಹಿಡಿಯಿತು, ಅದು ಬೇರೆ ಮಾತು.

ಗ್ರೈಂಡರ್ ಮತ್ತೆ ಬಂತು

ಕಪಾಟಿನ ಬುಡಕ್ಕೆ 25 ಮಿ.ಮೀ. ಚೌಕದ ಕಬ್ಬಿಣದ ಪೈಪ್ ತುಂಡುಗಳು ಬೇಕಿದ್ದವು. ಭಾವ ಲೋಹ ಕೊಯ್ಯುವ ಕೈಗರಗಸ ಹ್ಯಾಕ್ಸಾದಲ್ಲಿ ಶುರು ಮಾಡಿದರು, ಹಲ್ಲು ಸಿಕ್ಕಿಕೊಂಡು ಮುರಿಯಿತು. ಅದು ಇಂಚಿಗೆ 18 ಹಲ್ಲಿನ ಬ್ಲೇಡ್. ಪೈಪಿನ ಗೋಡೆ ಒಂದೂವರೆ ಮಿ.ಮೀ. ಆ ಬ್ಲೇಡಿನ ಎರಡು ಹಲ್ಲುಗಳ ನಡುವಿನ ದೂರವೇ 1.4 ಮಿ.ಮೀ. ಆಗುತ್ತದೆ. ಒಂದು ಹಲ್ಲು ಗೋಡೆಗೆ ತಗುಲಿ ನಿಂತರೆ ಭಾರ ಪೂರ್ತಿ ಅದರ ಮೇಲೇ. ತೆಳುವಾದ ಲೋಹಕ್ಕೆ 32 ಹಲ್ಲಿನದು ಬೇಕು, ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಬ್ಲೇಡ್ ಬದಲಿಸಿ ಪೈಪನ್ನು ಸ್ವಲ್ಪ ಓರೆಯಾಗಿ ಹಿಡಿದು ಒಂದು ತುಂಡು ಕೊಯ್ದೆವು.

ಉಳಿದವನ್ನು ಗ್ರೈಂಡರ್‌ನಲ್ಲಿ ಮಾಡಿದ್ದಾಯಿತು. ಇದು ಅದರದೇ ಕೆಲಸ. ಗಾರ್ಡ್ ಮತ್ತೆ ಹಾಕಿ, ಲೋಹ ಕತ್ತರಿಸುವ 1 ಮಿ.ಮೀ. ದಪ್ಪದ ಡಿಸ್ಕ್ ಬಿಗಿದು, ಪೈಪನ್ನು ವೈಸ್‌ನಲ್ಲಿ ಹಿಡಿಸಿ. ತುಂಡಾಗಿ ಬೀಳುವ ಕಡೆ ವೈಸಿನ ಹೊರಗೆ ಇರಬೇಕು. ಎರಡೂ ತುದಿ ಹಿಡಿದಿಟ್ಟರೆ ಇಲ್ಲೂ ಸಂದು ಮುಚ್ಚಿ ಡಿಸ್ಕ್ ಸಿಕ್ಕಿಬೀಳುತ್ತದೆ. ತೆಳು ಡಿಸ್ಕನ್ನು ಪಕ್ಕಕ್ಕೆ ಒತ್ತಬಾರದು, ಅದರಲ್ಲಿ ಉಜ್ಜಲೂಬಾರದು, ಒಡೆದು ಸಿಡಿಯುತ್ತದೆ. ಇಂಥ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಒಂದು ತಿಂಗಳು, ವರ್ಷ ಅಚ್ಚಾಗಿರುತ್ತದೆ. ಡಿಸ್ಕಿನ ಕಣಗಳನ್ನು ಹಿಡಿದಿಡುವ ಅಂಟು ಹಳತಾದರೆ ಬಲ ಕುಗ್ಗುತ್ತದೆ, ಆದ್ದರಿಂದ ಆ ದಿನಾಂಕ ದಾಟಿದ್ದನ್ನು ಬಳಸಬಾರದು. ಭಾವನ ಡಬ್ಬಿಯಲ್ಲಿ ಅಂಥವು ಎರಡು ಸಿಕ್ಕವು. ಮುರಿದು ಕಸಕ್ಕೆ ಹಾಕಿದೆವು.

ಈ ಕೆಲಸಕ್ಕೆ ಮನೆಯಿಂದ ಹೊರಗೆ ಬಂದೆವು. ಒಳಗೆ ನೆಲದ ಮೇಲೆ ಮರದ ಹೊಟ್ಟು, ಥರ್ಮಾಕೋಲ್ ಚೂರು ಎರಡೂ ಇದ್ದವು. ಗ್ರೈಂಡರಿನ ಕಿಡಿ ಹಲವು ಅಡಿ ದೂರ ಹಾರುತ್ತದೆ. ಹೊಟ್ಟಿನ ಗುಡ್ಡೆಯಲ್ಲಿ ಬಿದ್ದ ಕಿಡಿ ಕೂಡಲೇ ಉರಿಯದೆ ಒಳಗೊಳಗೇ ಕುದಿಯುತ್ತಾ ಬಹಳ ಹೊತ್ತಿನ ಮೇಲೆ ಹೊತ್ತಿಕೊಳ್ಳಬಹುದು. ಮರ ಮತ್ತು ಕಬ್ಬಿಣ ಎರಡೂ ಇರುವ ಕೆಲಸದಲ್ಲಿ ಜಾಗ ಬೇರೆ ಬೇರೆ ಇರಲೇಬೇಕು.

ಕಪಾಟು ಈಗ ಹೇಗಿದೆ

ಆರೂ ಅಡ್ಡ ಹಲಗೆ ಸಂದಿಲ್ಲದೆ ಕೂತಿವೆ. ಜಿಗ್ ಸಾದಲ್ಲಿ ಮೊದಲು ಕೊಯ್ದಿದ್ದ ಪಟ್ಟಿಯೇ ಎಡಪಕ್ಕದ ಹಲಗೆ ಆಗಿದೆ. ಅದರ ಒಳ್ಳೆಯ ಮುಖದಲ್ಲಿ ಎದ್ದಿದ್ದ ಸಿಬಿರು ಕತ್ತರಿಸಿದ 25 ಮಿ.ಮೀ. ಜೊತೆಗೇ ಹೋಯಿತು. ಒಂದು ಅಡ್ಡ ಹಲಗೆಯ ತುದಿಯಲ್ಲಿ ಮಾತ್ರ ಸ್ವಲ್ಪ ಸಿಬಿರು ಉಳಿದಿದೆ. ಅಲ್ಲಿ ಚಾಕುವಿನ ಗೀರು ಅಂಚಿನ ತನಕ ಹೋಗಿರಲಿಲ್ಲ. ಆ ಹಲಗೆಯನ್ನು ಮುಖ ಕೆಳಗೆ ಮಾಡಿ ಕೆಳಗಿನ ಸಾಲಿಗೆ ಹಾಕಿದ್ದಾರೆ.

ಇನ್ನೊಂದು ವಿಷಯ ಕಾಯ್ದು ನೋಡಬೇಕು. 765 ಮಿ.ಮೀ. ಉದ್ದಕ್ಕೆ ಈ ದಪ್ಪದ ಪ್ಲೈವುಡ್ ದಪ್ಪ ಪುಸ್ತಕಗಳನ್ನು ಹೊತ್ತರೆ ವರ್ಷಗಳಲ್ಲಿ ನಡುವೆ ಸ್ವಲ್ಪ ಜಗ್ಗಬಹುದು. ಹಾಗೇನಾದರೂ ಕಂಡರೆ ಹಲಗೆಯ ಮುಂದಿನ ಅಂಚಿನ ಕೆಳಗೆ 40 ಮಿ.ಮೀ. ಪಟ್ಟಿ ನಿಲ್ಲಿಸಿ ಅಂಟಿಸಿದರೆ ಸಾಕು. ಉಳಿದಿದ್ದ 50 ಮಿ.ಮೀ. ಪಟ್ಟಿಯಿಂದ 765ರ ಒಂದು ತುಂಡು ತೆಗೆದು ಮೇಲಿನ ಹಲಗೆಯ ಕೆಳಗೆ, ಹಿಂಬದಿಯಲ್ಲಿ ಸೇರಿಸಿದ್ದೇವೆ. ಅದರ ಮೂಲಕ ಗೋಡೆಗೆ ಎರಡು ಸ್ಕ್ರೂ ಹಾಕಿದೆ. 280 ಮಿ.ಮೀ. ಆಳಕ್ಕೆ 1800 ಎತ್ತರ ಅಂದರೆ ಮಗು ಹತ್ತಲು ಹೋದರೆ ಮುಂದಕ್ಕೆ ಬೀಳುವಂಥ ಕಪಾಟು. ಪಟ್ಟಿಯ ಇನ್ನೆರಡು ತುಂಡು ಹಾಗೇ ಇವೆ, ಹಲಗೆ ಜಗ್ಗಿದ ದಿನಕ್ಕೆ.